ಮಲೆನಾಡಿನ ಮಳೆಗಾಲಕ್ಕೆ ಎರಕದ ಕಬ್ಬಿಣದ ಸೌದೆ ಒಲೆ: ಎರಡು ಮಳೆಗಾಲ ಉರಿಸಿ ನೋಡಿದ ಮೇಲೆ

ಮೂಡಿಗೆರೆ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಚಾರ್ಮಾಡಿಯ ಕಡೆಯಿಂದ ಬೀಸುವ ಗಾಳಿ ನೇರವಾಗಿ ಬಂದು ಬಡಿಯುವ ಕಾಫಿ ತೋಟವೊಂದರಲ್ಲಿ ನಮ್ಮ ಮನೆಯಿದೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಇಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗಳು ಬೆವರುತ್ತವೆ, ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ವಿದ್ಯುತ್ತಿನ ಸುಳಿವೇ ಇರುವುದಿಲ್ಲವಾದ್ದರಿಂದ ವಿದ್ಯುತ್ ಹೀಟರನ್ನು ನಂಬಿ ಕೂರುವಂತೆಯೂ ಇಲ್ಲ. ನಮ್ಮ ತಾಯಿಯವರ ಮೊಣಕಾಲಿನ ನೋವು ಈ ಎರಡು ತಿಂಗಳಲ್ಲಿ ಹೆಚ್ಚಾಗುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ, ನಡುಮನೆಗೆ ಗಾಜಿನ ಬಾಗಿಲಿರುವ ಎರಕದ ಕಬ್ಬಿಣದ ಸೌದೆ ಒಲೆಯೊಂದನ್ನು ತರಿಸಿ ಕೂರಿಸಿದೆವು. ಈಗ ಎರಡು ಮಳೆಗಾಲ ಅದನ್ನು ಉರಿಸಿದ್ದಾಗಿದೆ. ಕೊಳ್ಳಬೇಕೆಂದಿರುವವರು ಹಲವರು ಕೇಳುತ್ತಿರುವುದರಿಂದ ನನ್ನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ. ಇದೇ ಮಾದರಿಯ ಒಲೆಗಳನ್ನು ಹಲವರು ತಯಾರಿಸುತ್ತಾರೆ; ನಾನು ಹೇಳುವುದರಲ್ಲಿ ಬಹುಪಾಲು ಯಾವುದೇ ಒಂದು ತಯಾರಿಕೆಗಿಂತ ಈ ಮಾದರಿಗೇ ಅನ್ವಯಿಸುತ್ತದೆಯಾದ್ದರಿಂದ ಹೆಸರನ್ನು ಬರೆದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆ ಚೆನ್ನಾಗಿದೆ, ಹಣ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಈ ಒಲೆಯನ್ನು ಅಂಗಡಿಯಲ್ಲಿ ನೋಡಿ ಅಳೆಯಲು ಸಾಧ್ಯವಿಲ್ಲ. ಅದು ನಮ್ಮ ಮನೆಯಲ್ಲಿ ಹಿತವಾಗಿ ಉರಿಯುತ್ತದೆಯೋ ಅಪಾಯ ತರುತ್ತದೆಯೋ ಎಂಬುದು ಮಾಡು ದಾಟಿ ಹೋಗುವ ಹೊಗೆಕೊಳವೆಯಲ್ಲಿ ಮತ್ತು ಮಳೆಗಾಲಕ್ಕೆ ಮೊದಲೇ ಒಣಗಿ ಕೊಟ್ಟಿಗೆ ಸೇರಿರಬೇಕಾದ ಸೌದೆಯಲ್ಲಿ ತೀರ್ಮಾನವಾಗುತ್ತದೆ. ಮೊದಲ ಮಳೆಗಾಲದಲ್ಲಿ ಈ ಎರಡರಲ್ಲೂ ನಾವು ತಪ್ಪಿದೆವು, ಎರಡನೆಯದರಲ್ಲಿ ತಿದ್ದಿಕೊಂಡೆವು. ಒಲೆ ಮಾತ್ರ ಎರಡೂ ವರ್ಷ ಅದೇ ಒಲೆ.

ಒಲೆಯ ರಚನೆ ಸರಳವಾಗಿದೆ. ನೂರು ಕಿಲೋಗ್ರಾಂಗೂ ಹೆಚ್ಚು ತೂಗುವ ಕಬ್ಬಿಣದ ಪೆಟ್ಟಿಗೆ, ಒಳಗೆ ಇಟ್ಟಿಗೆಯ ಒಳಪದರ, ತಳದಲ್ಲಿ ಜಾಲರಿ, ಅದರ ಕೆಳಗೆ ಬೂದಿಯ ತಟ್ಟೆ, ನೆತ್ತಿಯ ಮೇಲೆ 15 ಸೆಂಟಿಮೀಟರ್ ವ್ಯಾಸದ ಹೊಗೆಯ ಬಾಯಿ. ಗಾಳಿಗೆ ಎರಡು ದಾರಿಗಳಿವೆ: ಕೆಳಗಿನದು ಜಾಲರಿಯ ಅಡಿಯಿಂದ ಕೆಂಡಕ್ಕೆ ಗಾಳಿ ಕೊಡುತ್ತದೆ, ಮೇಲಿನದು ಗಾಜಿನ ಒಳಮೈ ಸವರಿಕೊಂಡು ಇಳಿದು ಜ್ವಾಲೆಗೆ ಗಾಳಿ ಕೊಡುತ್ತದೆ. ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಬಿಸಿಗೆ ಅನಿಲವಾಗಿ ಹೊರಟು ಜ್ವಾಲೆಯಾಗಿ ಉರಿಯುತ್ತದೆ, ಉಳಿದದ್ದು ಇದ್ದಿಲಾಗಿ ನಿಧಾನವಾಗಿ ಉರಿಯುತ್ತದೆ ಎಂಬುದನ್ನು ತಿಳಿದವರಿಗೆ ಈ ಎರಡು ದಾರಿಗಳ ಉದ್ದೇಶ ಕೂಡಲೇ ಅರ್ಥವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಹಿಂದೆ ಅಸ್ತ್ರ ಒಲೆಯಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಆ ಒಲೆಯಲ್ಲೂ ಮುಚ್ಚಿದ ಉರಿಗೂಡು, ಜಾಲರಿ ಮತ್ತು ಹೊಗೆಕೊಳವೆ ಇದ್ದವು. ಉದ್ದನೆಯ ಕೊಳ್ಳಿಯನ್ನು ಬಾಯಿಂದ ಹೊರಗೆ ಚಾಚಿಕೊಂಡಿರುವಂತೆ ಇಟ್ಟು ಬಾಗಿಲು ತೆರೆದೇ ಉರಿಸಿದರೆ ಅದರ ಗುಣವೆಲ್ಲ ಹೋಗಿ ಅದು ಮಾಮೂಲಿ ಒಲೆಯಾಗುತ್ತಿತ್ತು. ಈ ಒಲೆಯ ವಿಷಯವೂ ಹಾಗೆಯೇ.

ಇನ್ನು ಹೊಗೆಕೊಳವೆಯ ವಿಷಯ. ನಮ್ಮದು ಮಂಗಳೂರು ಹೆಂಚಿನ ಮಾಡು. ಕೆಳಗೆ ಹಳೆಯ ಮರದ ತೊಲೆ, ಪಕಾಸಿ, ರೀಪು, ಅಟ್ಟದಲ್ಲಿ ಗೋಣಿಚೀಲ ಮತ್ತು ಅಡಿಕೆ ಹಾಳೆಯ ರಾಶಿ. ಒಲೆ ಕೂರಿಸಲು ಬಂದಿದ್ದವರು ಎರಡು ಹೆಂಚು ತೆಗೆದು, ಒಂಟಿ ತಗಡಿನ ಕೊಳವೆಯನ್ನು ಪಕಾಸಿಗೆ ಒಂದು ಬೆರಳಿನಷ್ಟೇ ಅಂತರ ಬಿಟ್ಟು ಹಾಯಿಸಿ, ಸುತ್ತ ಸಿಮೆಂಟು ಮೆತ್ತಿ ಹೋದರು. ನೋಡಲು ಅಚ್ಚುಕಟ್ಟಾಗಿತ್ತು. ಜುಲೈ ಕೊನೆಯಲ್ಲಿ ಒಂದು ರಾತ್ರಿ ಮಾಡಿನ ಕಡೆಯಿಂದ ಸುಟ್ಟ ವಾಸನೆ ಬಂದು ಅಟ್ಟ ಹತ್ತಿ ನೋಡಿದಾಗ ಪಕಾಸಿಯ ಒಂದು ಮಗ್ಗುಲು ಕಾಫಿ ಬೀಜದ ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಜ್ವಾಲೆ ತಾಗದಿದ್ದರೂ ಮರ ದಿನದಿನವೂ ಕಾದು ಒಳಗೊಳಗೇ ಇದ್ದಿಲಾಗುತ್ತ ಹೋದರೆ, ಮೊದಲಿಗಿಂತ ಎಷ್ಟೋ ಕಡಿಮೆ ಬಿಸಿಗೇ ಅದು ಹೊತ್ತಿಕೊಳ್ಳಬಲ್ಲದು. ಇನ್ನೊಂದು ತಿಂಗಳು ನಾವು ಅಟ್ಟ ಹತ್ತದಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆಯಲು ಈಗಲೂ ಭಯವಾಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಒಂಟಿ ತಗಡಿನ ಕೊಳವೆ ಕೋಣೆಯೊಳಗಿನ ಭಾಗಕ್ಕೆ ಮಾತ್ರ. ಅದು ಹೊತ್ತಿಕೊಳ್ಳುವ ಯಾವುದೇ ವಸ್ತುವಿನಿಂದ 45 ಸೆಂಟಿಮೀಟರ್ ದೂರವಿರಬೇಕು. ಅಟ್ಟ ಮತ್ತು ಮಾಡನ್ನು ದಾಟುವ ಭಾಗಕ್ಕೆ ನಡುವೆ ಶಾಖ ತಡೆಯುವ ಪದರವಿರುವ ಜೋಡಿ ಗೋಡೆಯ ಕೊಳವೆಯನ್ನೇ ಹಾಕಿ, ಅದಕ್ಕೂ ಮರಕ್ಕೂ ನಡುವೆ ಕನಿಷ್ಠ 5 ಸೆಂಟಿಮೀಟರ್ ಖಾಲಿ ಜಾಗ ಬಿಡಬೇಕು. ಆ ಜಾಗದಲ್ಲಿ ಏನನ್ನೂ ತುರುಕಬಾರದು. ಕೊಳವೆಯ ತುದಿ ಮಾಡನ್ನು ದಾಟುವ ಜಾಗದಿಂದ ಸುಮಾರು 90 ಸೆಂಟಿಮೀಟರ್ ಎತ್ತರವಿರಬೇಕು. 3 ಮೀಟರ್ ದೂರದೊಳಗೆ ಇರುವ ಮಾಡಿನ ನೆತ್ತಿಗಿಂತಲೂ 60 ಸೆಂಟಿಮೀಟರ್ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಮಾಡಿನ ನೆತ್ತಿಯನ್ನು ದಾಟಿ ಕೆಳಗೆ ಮಗುಚಿಕೊಳ್ಳುವಾಗ ಹೊಗೆಯನ್ನು ಮನೆಯೊಳಕ್ಕೆ ತಳ್ಳುತ್ತದೆ. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ಬಾಯಿ ಕೆಳಗಿನದರ ಒಳಗೆ ಸೇರಬೇಕು. ಮಳೆನೀರಿನ ದೋಣಿ ಜೋಡಿಸಿದ ಅಭ್ಯಾಸವುಳ್ಳ ಎಲ್ಲರಿಗೂ ಇದು ಗೊತ್ತಿರುವುದೇ. ಆದರೂ ಹೊಗೆ ಮೇಲಕ್ಕೆ ಹೋಗುತ್ತದಲ್ಲ ಎಂದು ತಿರುಗಾಮುರುಗಾ ಜೋಡಿಸುತ್ತಾರೆ, ಆಗ ಒಳಗೆ ಸೇರಿದ ಕಪ್ಪು ರಸ ಪ್ರತಿ ಕೀಲಿನಿಂದಲೂ ಹೊರಗೆ ಸೋರುತ್ತದೆ. ಮಾಡಿನ ಕೆಲಸವನ್ನೆಲ್ಲ ಬಿಚ್ಚಿ ಹೊಸದಾಗಿ ಮಾಡಿಸಿದಾಗ ಕೊಳವೆಗೇ ಒಲೆಯ ಬೆಲೆಗಿಂತ ಹೆಚ್ಚು ಹಣ ಹಿಡಿಯಿತು. ಬೆಲೆ ಕೇಳುವವರಿಗೆಲ್ಲ ನಾನು ಈ ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಒಲೆಯ ಸುತ್ತಲಿನ ಜಾಗವನ್ನೂ ಇದೇ ಎಚ್ಚರದಿಂದ ನೋಡಬೇಕು. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿಲ್ಲದಿದ್ದರೆ ಮರದ ಗೋಡೆ, ಪರದೆ, ಸೋಫಾ, ಒಣಹಾಕಿದ ಬಟ್ಟೆ ಎಲ್ಲವೂ 90 ಸೆಂಟಿಮೀಟರ್ ಆಚೆಗಿರಲಿ. ನಮ್ಮಲ್ಲಿ ರೆಡ್ ಆಕ್ಸೈಡ್ ನೆಲವಿರುವುದರಿಂದ ಕಿಡಿಯ ಭಯವಿಲ್ಲ. ಮರದ ನೆಲವಿರುವವರು ಬಾಗಿಲಿನ ಮುಂದೆ 45 ಸೆಂಟಿಮೀಟರ್‌ವರೆಗೆ ಕಡಪ ಕಲ್ಲನ್ನಾದರೂ ಹಾಸಬೇಕು. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ನಾವು ಸುತ್ತಲೂ ಕಬ್ಬಿಣದ ಕಟಕಟೆಯೊಂದನ್ನು ಮಾಡಿಸಿ ಗೋಡೆಗೆ ಕೀಲಿಸಿದ್ದೇವೆ.

ಈಗ ಸೌದೆಯ ಮಾತಿಗೆ ಬರುತ್ತೇನೆ. ತೋಟದವರಾದ ನಮಗೆ ಸೌದೆಗೆ ಬರವಿಲ್ಲ, ಬರವಿರುವುದು ಒಣಗಿದ ಸೌದೆಗೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ ಅದನ್ನು ಪೂರ್ತಿ ಆವಿಯಾಗಿಸಲು ಬೇಕಾಗುವ ಶಾಖ ಆರೇಳು ಪಟ್ಟು ಹೆಚ್ಚು. ಹಸಿ ಸೌದೆ ಹಾಕಿದಾಗ ಒಲೆಯೊಳಗೆ ನಡೆಯುವುದು ಇದೇ: ಉರಿ ತನ್ನ ಶಾಖವನ್ನು ನೀರಿಗೆ ಕೊಟ್ಟು ತಾನು ತಣ್ಣಗಾಗುತ್ತದೆ, ಮರದಿಂದ ಹೊರಟ ಅನಿಲ ಉರಿಯಲಾರದೆ ಹೊಗೆಯಾಗಿ ಮೇಲೇರುತ್ತದೆ, ಮಳೆಗೆ ತಣ್ಣಗಾಗಿರುವ ಕೊಳವೆಯ ಒಳಮೈಗೆ ತಾಗಿ ಟಾರಿನಂಥ ಅಂಟಾಗಿ ಕೂರುತ್ತದೆ. ಹಳೆಯ ಅಡುಗೆಮನೆಗಳ ಮಾಡಿನಿಂದ ಜೋತಾಡುತ್ತಿದ್ದ ಇಲ್ಲಣಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಣ ಒಣಮಸಿ, ಗುಡಿಸಿದರೆ ಬೀಳುತ್ತದೆ. ಕೊಳವೆಯೊಳಗಿನ ಈ ಅಂಟು ಗಟ್ಟಿಯಾಗಿ ಗಾಜಿನಂತೆ ಹೊಳೆಯತೊಡಗಿದರೆ ಬ್ರಷ್ಷಿಗೂ ಬಗ್ಗುವುದಿಲ್ಲ, ಮತ್ತು ಅದೇ ಒಂದು ಇಂಧನ. ಯಾವುದೋ ಒಂದು ದಿನ ಜೋರಾಗಿ ಉರಿ ಹಾಕಿದಾಗ ಕೊಳವೆಯೇ ಒಳಗಿನಿಂದ ಹೊತ್ತಿಕೊಂಡು, ಬಿಸಿ 1,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು.

ಮೊದಲ ವರ್ಷ ಏಪ್ರಿಲ್‌ನಲ್ಲಿ ಕಡಿದ ಸಿಲ್ವರ್ ಓಕ್ ರೆಂಬೆಗಳನ್ನು ಜೂನ್‌ನಲ್ಲೇ ಉರಿಸಿ ಈ ಅಂಟನ್ನು ನಾವೇ ಬೆಳೆಸಿದೆವು. ಗಾಜು ಒಂದು ಗಂಟೆಯಲ್ಲಿ ಕಪ್ಪಾಗುತ್ತಿತ್ತು, ಸೌದೆಯ ತುದಿಯಲ್ಲಿ ನೊರೆ ಬಂದು ಸುಯ್ಗುಟ್ಟುತ್ತಿತ್ತು, ಕೋಣೆಯಂತೂ ಬೆಚ್ಚಗಾಗುತ್ತಿರಲಿಲ್ಲ. ಒಲೆಯೇ ಸರಿಯಿಲ್ಲವೆಂದು ಮಾರಿದವರಿಗೆ ಎರಡು ಬಾರಿ ಫೋನ್ ಮಾಡಿದ್ದೂ ಉಂಟು. ಆ ದೂರು ನ್ಯಾಯವಾದುದಾಗಿರಲಿಲ್ಲ.

ಸೌದೆಯಲ್ಲಿ ತೇವಾಂಶ ನೂರಕ್ಕೆ 20ಕ್ಕಿಂತ ಕಡಿಮೆಯಿರಬೇಕು. ಎರಡು ಮುಳ್ಳುಗಳಿರುವ ಸಣ್ಣ ತೇವಾಂಶ ಮಾಪಕ ಈಗ ಸುಲಭವಾಗಿ ಸಿಗುತ್ತದೆ. ಸೌದೆಯ ಹೊರಮೈಗೆ ಚುಚ್ಚದೆ, ತುಂಡನ್ನು ಸೀಳಿ ಹೊಸದಾಗಿ ಕಾಣುವ ಒಳಮೈಗೆ ಚುಚ್ಚಿ ನೋಡಬೇಕು. ನಮ್ಮ ಕಡೆಯ ಮಳೆಗಾಲಕ್ಕೆ ವಿಶೇಷವಾದ ತೊಡಕೊಂದಿದೆ. ಮರ ಗಾಳಿಯೊಂದಿಗೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ನೂರಕ್ಕೆ 90ರ ಆಸುಪಾಸಿನಲ್ಲಿ ವಾರಗಟ್ಟಲೆ ನಿಂತರೆ, ಎಷ್ಟೇ ಒಣಗಿಸಿಟ್ಟ ಮರವೂ ಮಳೆಹನಿ ಸೋಕದೆಯೇ ನಿಧಾನವಾಗಿ 20ರ ಹತ್ತಿರಕ್ಕೆ ಬರುತ್ತದೆ. ಅಂದರೆ ಜೂನ್‌ನಲ್ಲಿ ಸೌದೆ ಒಣಗಿಸುತ್ತೇನೆಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಕಡಿದು, ಕೂಡಲೇ ಸೀಳಿ, ಬೇಸಿಗೆಯ ಬಿಸಿಲನ್ನು ಪೂರ್ತಿ ಉಣ್ಣಿಸಿ, ಮಳೆಗಾಲಕ್ಕೆ ಮೊದಲೇ ಮಾಡಿನ ಕೆಳಗೆ ತಂದು, ನೆಲದಿಂದ ಒಂದು ಗೇಣು ಮೇಲೆ ಅಡ್ಡಪಟ್ಟಿಯ ಮೇಲೆ ಪೇರಿಸಬೇಕು. ದಪ್ಪನೆಯ ತುಂಡುಗಳಿಗೆ ಒಂದು ಬೇಸಿಗೆ ಸಾಲದು, ಎರಡು ಬೇಕು. ಆ ದಿನ ಉರಿಸಬೇಕಾದ ಸೌದೆಯನ್ನು ಹಿಂದಿನ ದಿನವೇ ಒಳಗೆ ತಂದಿಟ್ಟರೆ ಮೇಲ್ಮೈ ತೇವ ಆರುತ್ತದೆ. ಆದರೆ ಒಲೆಗೆ ಒರಗಿಸಿ ಇಡಬಾರದು.

ಯಾವ ಮರ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಮರುನಾಟಿಗಾಗಿ ಕಿತ್ತ ರೊಬಸ್ಟಾ ಕಾಫಿಯ ಬೊಡ್ಡೆ ಎಲ್ಲಕ್ಕಿಂತ ಮೇಲು. ಗಟ್ಟಿ ಮರವಾದ್ದರಿಂದ ಸೀಳಲು ಕಷ್ಟ, ಆದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬೇರಿನ ಮಣ್ಣನ್ನು ಪೂರ್ತಿ ಕೊಡವಿರಬೇಕು. ಅಕೇಶಿಯಾ ಒಣಗಿದ್ದರೆ ಒಳ್ಳೆಯದು. ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಉರಿ ಎಬ್ಬಿಸಲು ತಕ್ಕದ್ದು. ಹಾಲುವಾಣದಲ್ಲಿ ಹುರುಳಿಲ್ಲ. ಬಿದಿರನ್ನು ಗಂಟಿನೊಂದಿಗೆ ಇಡಿಯಾಗಿ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯುತ್ತದೆ, ಗಾಜಿನ ಬಾಗಿಲಿರುವ ಒಲೆಗೆ ಅದು ಸಲ್ಲದು. ಚೇರಿನ ಮರದ ವಿಷಯ ಮಲೆನಾಡಿನವರಿಗೆ ಹೇಳಬೇಕಾಗಿಲ್ಲವಾದರೂ ಹೊಸದಾಗಿ ತೋಟ ಕೊಂಡು ಬಂದವರು ತಿಳಿದಿರಬೇಕು: ಅದರ ಸೊನೆಯಂತೆ ಹೊಗೆಯೂ ಮೈಗೆ ತುರಿಕೆ, ಬೊಕ್ಕೆ ತರುತ್ತದೆ, ಉಸಿರಿನೊಂದಿಗೆ ಒಳಗೆ ಹೋದರೆ ಇನ್ನೂ ಕೆಟ್ಟದ್ದು. ಬಣ್ಣ ಹೊಡೆದ ಹಳೆಯ ಕಿಟಕಿ ಚೌಕಟ್ಟು, ಪ್ಲೈವುಡ್, ಹಾಲಿನ ಪೊಟ್ಟಣ, ಗೊಬ್ಬರದ ಚೀಲ ಇವು ಯಾವುವೂ ಒಲೆಯ ಬಾಯಿಗೆ ಹೋಗಬಾರದು.

ಹೊತ್ತಿಸುವ ಕ್ರಮದಲ್ಲಿ ನಾವು ಬಚ್ಚಲ ಒಲೆಯಿಂದ ಕಲಿತದ್ದನ್ನು ಮರೆಯಬೇಕಾಯಿತು. ಹಂಡೆಯ ಒಲೆಗೆ ಕೆಳಗೆ ಸೋಗೆ ಗರಿ ತುರುಕಿ ಮೇಲೆ ಸೌದೆ ಒಟ್ಟುತ್ತೇವೆ. ಇಲ್ಲಿ ಅದನ್ನು ತಲೆಕೆಳಗು ಮಾಡಬೇಕು. ತಳದಲ್ಲಿ ದಪ್ಪನೆಯ ಎರಡು ತುಂಡುಗಳನ್ನು ನಡುವೆ ಸ್ವಲ್ಪ ಜಾಗ ಬಿಟ್ಟು ಇಟ್ಟು, ಅವುಗಳ ಮೇಲೆ ಅಡ್ಡಲಾಗಿ ಮುಂಗೈ ದಪ್ಪದವು, ಅದರ ಮೇಲೆ ಹೆಬ್ಬೆರಳಿನ ದಪ್ಪದ ಸೀಳುಗಳನ್ನು ಎರಡು ಮೂರು ಸಾಲು ಜೋಡಿಸಿ, ತುತ್ತತುದಿಯಲ್ಲಿ ತೆಂಗಿನ ನಾರಿನ ಉಂಡೆಯನ್ನೋ ಒಣಗಿದ ಅಡಿಕೆ ಸಿಪ್ಪೆಯನ್ನೋ ಇಟ್ಟು ಅಲ್ಲಿಗೆ ಕಡ್ಡಿ ಗೀರಬೇಕು. ಉರಿ ಮೇಲಿನಿಂದ ಕೆಳಗಿಳಿಯುವಾಗ ಕೆಳಗಿನ ಸೌದೆಯ ಹೊಗೆ ಜ್ವಾಲೆಯನ್ನು ಹಾದೇ ಮೇಲೇರಬೇಕಾಗುತ್ತದೆ, ಹಾದುಹೋಗುವಾಗ ಅದೂ ಉರಿಯುತ್ತದೆ. ಕೊಳವೆಯೂ ಬೇಗ ಬಿಸಿಯಾಗುತ್ತದೆ. ಇದನ್ನು ಮೊದಲು ನೋಡಿದ ನಮ್ಮ ತಾಯಿ ನಂಬಲಿಲ್ಲ. ಈಗ ಅವರೇ ಹೀಗೆ ಜೋಡಿಸುತ್ತಾರೆ.

ಹೊತ್ತಿಸುವ ಮೊದಲು ಎರಡೂ ಗಾಳಿದಾರಿಗಳು ಪೂರ್ತಿ ತೆರೆದಿರಬೇಕು. ಜಡಿಮಳೆಯ ಬೆಳಿಗ್ಗೆ ಕೊಳವೆಯೊಳಗೆ ತಣ್ಣನೆಯ ಭಾರವಾದ ಗಾಳಿ ಬೆಣೆಯಂತೆ ನಿಂತಿರುತ್ತದೆ. ಆಗ ನೇರವಾಗಿ ಬೆಂಕಿ ಹಚ್ಚಿದರೆ ಹೊಗೆಯೆಲ್ಲ ಕೋಣೆಗೆ ಬರುತ್ತದೆ. ಒಂದು ಹಾಳೆ ಪತ್ರಿಕೆಯನ್ನು ಸುರುಳಿ ಸುತ್ತಿ ಹೊತ್ತಿಸಿ ಒಲೆಯ ನೆತ್ತಿಯ ಹೊಗೆಬಾಯಿಯ ಹತ್ತಿರ ಹಿಡಿದರೆ ಅರ್ಧ ನಿಮಿಷದಲ್ಲಿ ಗಾಳಿ ಮೇಲಕ್ಕೆ ಎಳೆಯತೊಡಗುವುದು ಶಬ್ದದಿಂದಲೇ ತಿಳಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಸ್ಯಾನಿಟೈಜರ್ ಯಾವುದನ್ನೂ ಹಾಕಬಾರದು. ಆರಿದಂತೆ ಕಾಣುವ ಕೆಂಡದ ಮೇಲೆ ಸುರಿದರೆ ಅದು ಆವಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ತುಂಬಿಕೊಂಡು ಒಮ್ಮೆಲೇ ಹೊತ್ತಿ ಮುಖಕ್ಕೆ ಬಡಿಯುತ್ತದೆ. ಒಲೆ ಹೊಸದಾಗಿದ್ದರೆ ಮೊದಲ ಮೂರು ನಾಲ್ಕು ಬಾರಿ ಸಣ್ಣ ಉರಿಯನ್ನಷ್ಟೇ ಹಾಕಿ, ಕಿಟಕಿ ತೆರೆದಿಡಬೇಕು. ಬಣ್ಣ ಕಾಯುವ ವಾಸನೆ ಆಗ ಬಂದು ಹೋಗುತ್ತದೆ, ಕಬ್ಬಿಣವೂ ಬಿರುಕು ಬಿಡದೆ ಪಳಗುತ್ತದೆ.

ಉರಿ ಹಿಡಿದ ಮೇಲೆ ಕೆಳಗಿನ ಗಾಳಿಯನ್ನು ಕಡಿಮೆ ಮಾಡಿ ಮೇಲಿನ ಗಾಳಿಯಿಂದಲೇ ನಡೆಸಬೇಕು. ಕೊಳವೆಗೆ ಅಂಟಿಸುವ ಅಯಸ್ಕಾಂತದ ಉಷ್ಣಮಾಪಕವೊಂದನ್ನು ತರಿಸಿಕೊಂಡದ್ದು ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಒಂಟಿ ತಗಡಿನ ಕೊಳವೆಯ ಮೇಲ್ಮೈ ಸುಮಾರು 120ರಿಂದ 240 ಡಿಗ್ರಿಯ ನಡುವೆ ಇದ್ದರೆ ಸರಿ. ಅದಕ್ಕಿಂತ ಕಡಿಮೆಯಾದರೆ ಒಳಗೆ ಅಂಟು ಕೂರುತ್ತಿದೆಯೆಂದೂ ಹೆಚ್ಚಾದರೆ ಒಲೆಗೆ ಮಿತಿಮೀರಿ ಉರಿ ಹಾಕಿದ್ದೇವೆಂದೂ ತಿಳಿಯಬೇಕು. ರಾತ್ರಿ ಮಲಗುವ ಮುನ್ನ ಒಲೆ ತುಂಬ ಸೌದೆ ತುಂಬಿ ಗಾಳಿಯನ್ನು ಪೂರ್ತಿ ಮುಚ್ಚಿದರೆ ಬೆಳಗಿನವರೆಗೆ ಕೆಂಡವಿರುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಕೆಂಡವೇನೋ ಇರುತ್ತದೆ. ಆದರೆ ಇಡೀ ರಾತ್ರಿ ಉಸಿರು ಕಟ್ಟಿಕೊಂಡು ಹೊಗೆಯಾಡಿದ ಸೌದೆ ಕೊಳವೆಗೆ ಅಂಟನ್ನು ಬಳಿಯುತ್ತದೆ, ಮತ್ತು ಎಲ್ಲರೂ ನಿದ್ರಿಸುತ್ತಿರುವಾಗ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಹುಟ್ಟುವುದೂ ಇಂಥ ಉರಿಯಲ್ಲೇ.

ಈ ಅನಿಲದ ಬಗ್ಗೆ ನಮ್ಮ ಊರುಗಳಲ್ಲಿ ಇನ್ನೂ ಹೆಚ್ಚು ಮಾತನಾಡಬೇಕಾಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಹೊಗೆಯಿಲ್ಲದ ಕೆಂಡವೆಂದರೆ ನಿರಪಾಯವೆಂದೇ ಹಿರಿಯರು ಭಾವಿಸಿದ್ದರು. ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿದ್ದ ಮನೆಗಳಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ತಾರಸಿ ಹಾಕಿ, ಗಾಜಿನ ಕಿಟಕಿ ಬಿಗಿದ ಇಂದಿನ ಕೋಣೆಗಳಲ್ಲಿ ಅದೇ ಅಗ್ಗಿಷ್ಟಿಕೆ ಪ್ರಾಣ ತೆಗೆಯಬಲ್ಲದು. ಕೊಳವೆಯಿರುವ ಮುಚ್ಚಿದ ಒಲೆ ಅದಕ್ಕಿಂತ ಎಷ್ಟೋ ಮೇಲು, ಆದರೆ ಕೊಳವೆ ಕಟ್ಟಿಕೊಂಡರೆ ಅಥವಾ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಲೆಯ ಗಾಳಿಯನ್ನು ಹಿಂದಕ್ಕೆ ಎಳೆದರೆ ಅಪಾಯ ಒಂದೇ. ನಾವು ಒಲೆ ಉರಿಯುವಾಗ ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡುತ್ತೇವೆ, ಆ ಫ್ಯಾನನ್ನು ಹಾಕುವುದಿಲ್ಲ, ಮಲಗುವ ಕೋಣೆಯ ಹೊರಗೆ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಹಾಕಿದ್ದೇವೆ. ಮನೆಯಲ್ಲಿ ಒಟ್ಟಿಗೆ ಹಲವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅದನ್ನು ಶೀತವೆಂದು ಕಷಾಯ ಕುಡಿಸಿ ಮಲಗಿಸದೆ, ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತರಬೇಕು.

ಕೊಳವೆಯೊಳಗೆ ಬೆಂಕಿ ಹೊತ್ತಿದರೆ ಅದು ಭೋರ್ಗರೆಯುವ ಶಬ್ದದಿಂದ ತಿಳಿಯುತ್ತದೆ. ಬಾಗಿಲು ಮತ್ತು ಎರಡೂ ಗಾಳಿದಾರಿಗಳನ್ನು ಮುಚ್ಚಿ, ಎಲ್ಲರೂ ಹೊರಗೆ ಬಂದು, 101 ಅಥವಾ 112ಕ್ಕೆ ಕರೆ ಮಾಡಬೇಕು. ಕಾದ ಒಲೆಗೆ ನೀರು ಎರಚಿದರೆ ಎರಕದ ಕಬ್ಬಿಣ ಸೀಳುತ್ತದೆ, ಕುದಿಯುವ ಆವಿ ಮೈಮೇಲೆ ಬರುತ್ತದೆ. ತೋಟದ ಮನೆಗಳಿಗೆ ಅಗ್ನಿಶಾಮಕ ವಾಹನ ತಲುಪಲು ಹಿಡಿಯುವ ಹೊತ್ತನ್ನು ಯೋಚಿಸಿದರೆ, ಒಳಗಿನ ಅಂಟು 3 ಮಿಲಿಮೀಟರ್ ಮುಟ್ಟುವ ಮೊದಲೇ ಕೊಳವೆಯನ್ನು ಬ್ರಷ್ಷಿನಿಂದ ಉಜ್ಜಿಸುವುದು ಎಷ್ಟು ಮುಖ್ಯವೆಂದು ತಿಳಿಯುತ್ತದೆ. ನಾವು ಮೃಗಶಿರಾಕ್ಕೆ ಮೊದಲು ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಉಜ್ಜಿಸುತ್ತೇವೆ.

ಬೂದಿಯನ್ನು ಪೂರ್ತಿ ಬಳಿಯದೆ ಒಂದು ಬೆರಳಿನ ದಪ್ಪ ಉಳಿಸಿದರೆ ಕೆಂಡ ಚೆನ್ನಾಗಿ ನಿಲ್ಲುತ್ತದೆ. ತೆಗೆದ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದುಕೊಂಡಿರಬಲ್ಲದು. ಆದ್ದರಿಂದ ಅದು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಕಲ್ಲಿನ ಮೇಲೆ, ಮನೆಯ ಹೊರಗೆ ಇರಬೇಕು. ಪ್ಲಾಸ್ಟಿಕ್ ಬಕೆಟ್ಟಿಗೂ ತರಗೆಲೆಯ ಗುಂಡಿಗೂ ಹೋಗಬಾರದು. ಪೂರ್ತಿ ತಣಿದ ಮೇಲೆ ಬಾಳೆಯ ಬುಡಕ್ಕೆ ಹಾಕುತ್ತೇವೆ.

ಒಲೆಯ ಕೊರತೆಗಳನ್ನೂ ಹೇಳಬೇಕು. ಬಾಗಿಲಿನ ಹಿಡಿಕೆ ಇಡೀ ಕಬ್ಬಿಣದ್ದು, ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಆ ಬೆಲೆಗೆ ಮರದ ಹಿಡಿಕೆ ಕೊಡಬಹುದಿತ್ತು. ಬೂದಿಯ ತಟ್ಟೆ ಆಳವಿಲ್ಲ, ಎಳೆಯುವಾಗ ಬೂದಿ ಚೆಲ್ಲುತ್ತದೆ. ಉರಿಗೂಡಿಗೆ 30 ಸೆಂಟಿಮೀಟರ್‌ಗಿಂತ ಉದ್ದದ ಸೌದೆ ಹಿಡಿಯುವುದಿಲ್ಲವಾದ್ದರಿಂದ ಮಾಮೂಲಿ ಸೌದೆಯನ್ನೆಲ್ಲ ಮತ್ತೊಮ್ಮೆ ತುಂಡರಿಸಬೇಕು, ಇದಕ್ಕೆ ತಗಲುವ ಕೂಲಿ ಸಣ್ಣದಲ್ಲ. ಗಾಜು ಮಾತ್ರ ಒಣ ಸೌದೆಯಲ್ಲಿ ದಿನಗಟ್ಟಲೆ ಸ್ವಚ್ಛವಾಗಿರುತ್ತದೆ. ಮಸುಕಾದರೆ ಒಲೆ ತಣ್ಣಗಿದ್ದಾಗ ಒದ್ದೆ ಪತ್ರಿಕೆಯನ್ನು ನುಣುಪು ಬೂದಿಯಲ್ಲಿ ಅದ್ದಿ ಉಜ್ಜಿದರೆ ಸಾಕು. ವರ್ಷದಲ್ಲಿ ಹತ್ತು ದಿನ ಮಾತ್ರ ಮನೆಗೆ ಬಂದು ಹೋಗುವವರಿಗೆ, ಸೌದೆಯನ್ನು ಮಳೆಗಾಲದಲ್ಲೇ ಕೊಂಡು ತರುವವರಿಗೆ, ಹಾಸನ ಅಥವಾ ಚಿಕ್ಕಮಗಳೂರು ಪೇಟೆಯೊಳಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿರುವವರಿಗೆ ನಾನು ಇದನ್ನು ಕೊಳ್ಳಿರೆಂದು ಹೇಳಲಾರೆ. ಪೇಟೆಯಲ್ಲಿ ನಮ್ಮ ಕೊಳವೆಯ ಹೊಗೆ ಇನ್ನೊಬ್ಬರ ಮಹಡಿಯ ಕಿಟಕಿಗೆ ಹೋಗುತ್ತದೆ.

ನಮ್ಮ ನಡುಮನೆ ಎರಡನೆಯ ಮಳೆಗಾಲದಲ್ಲಿ ಸಂಜೆ ಆರಕ್ಕೆ ಹೊತ್ತಿಸಿದ ಒಲೆಯಿಂದ ಏಳೂವರೆಯ ಹೊತ್ತಿಗೆ ಬೆಚ್ಚಗಾಗುತ್ತಿತ್ತು, ಗೋಡೆಯ ಬೆವರು ನಿಂತಿತ್ತು, ತಾಯಿಯವರು ಕಂಬಳಿ ಹೊದೆಯದೆ ಕೂತು ಅಡಿಕೆ ಸುಲಿಯುತ್ತಿದ್ದರು. ಬಾಗಿಲಿನ ಅಂಚಿನ ಹಗ್ಗದಂಥ ಬಿಗಿಪಟ್ಟಿ ಈಚೆಗೆ ಸಡಿಲವಾಗಿದೆ. ಬಾಗಿಲ ಸಂದಿಗೆ ಕಾಗದದ ಚೂರಿಟ್ಟು ಮುಚ್ಚಿ ಎಳೆದರೆ ಬಿಗಿಯಾಗಿ ಹಿಡಿಯಬೇಕಾದದ್ದು ಕೆಳಗಿನ ಮೂಲೆಯಲ್ಲಿ ಜಾರಿ ಬರುತ್ತಿದೆ. ಹೊಸ ಪಟ್ಟಿಗೆ ಹೇಳಿ ಕಳುಹಿಸಿದ್ದೇನೆ. ಅದು ಬಂದು ಕೂರುವವರೆಗೆ ಒಲೆಯನ್ನು ಹೊತ್ತಿಸುವುದಿಲ್ಲ.